ಅಳಿಸುವ ಪುಸ್ತಕ

“ಮೊದಲು ನಿಮ್ಮಮ್ಮನ್ನ ಅಳಿಸು. ನಿನ್ನ ಹತ್ರ ಅಷ್ಟೊಂದು ಅಳಿಸೋ ಪುಸ್ತಕ ಇವೆಯಲ್ಲ, ಒಂದನ್ನಾದ್ರೂ ಓದಿ ಹೇಳು,” ಎಂದಳು ಸೋದರತ್ತೆ, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು. “ಮಗನ್ನ ಕಳಕೊಂಡು ಇಷ್ಟು ದಿನ ಆಯ್ತು, ಅವಳ ಕಣ್ಣಲ್ಲಿ ಒಂದು ಹನಿ ಇಲ್ಲ. ಒಳಗೇ ಕಟ್ಟಿಕೊಂಡ ನೀರು ಕಣೇ ಅದು. ಎದೆ ಒಡೆದುಹೋಗುತ್ತೆ.”

ಹುಡುಗಿ ತಲೆಯಾಡಿಸಿದಳು. ಅವಳೂ ಅತ್ತಿರಲಿಲ್ಲ. ಅದನ್ನು ಅತ್ತೆ ಪಕ್ಕದ ಮನೆಯವಳ ಹತ್ತಿರ ಪಿಸುಗುಟ್ಟಿದ್ದೂ ಅವಳ ಕಿವಿಗೆ ಬಿದ್ದಿತ್ತು: “ಕಥೆಯಲ್ಲಿ ಯಾರೋ ಸತ್ರೆ ದಿಂಬು ನೆನೆಸೋಳು, ಒಡಹುಟ್ಟಿದವನು ಹೋದ್ರೆ ಕಲ್ಲಿನ ಹಾಗೆ ಕೂತಿದ್ದಾಳೆ ನೋಡಿ.” ಸುಳ್ಳೇನಲ್ಲ. ಸಾಹಿತ್ಯ ಓದಲು ಕಾಲೇಜಿಗೆ ಸೇರಿದ ಮೇಲಂತೂ ಅವಳು ಅಳದ ವಾರವೇ ಇರಲಿಲ್ಲ. ಲಿಫ್ಟ್ ರಿಪೇರಿಯ ಕೆಲಸಕ್ಕೆ ಹೋಗುತ್ತಿದ್ದ ಅಣ್ಣ ಸಂಜೆ ಬಂದವನೇ, ಕೈಯ ಗ್ರೀಸು ಒರೆಸಿಕೊಳ್ಳುತ್ತಾ, ಅವಳ ಕೆಂಪಾದ ಮೂಗು ನೋಡಿ, “ಏ ಪುಸ್ತಕದ ಹುಳು, ಇವತ್ತು ಯಾರನ್ನ ಸಾಯಿಸಿದ್ರು?” ಎನ್ನುತ್ತಿದ್ದ. ಅವಳಿಗೆ ಮೂಗಿನ ತುದಿಗೇ ಸಿಟ್ಟು. “ನಿನಗೆಲ್ಲಿ ಅರ್ಥ ಆಗ್ಬೇಕು? ಅದಕ್ಕೆ ನೋವು ಅಂದ್ರೇನು ಅಂತ ಗೊತ್ತಿರ್ಬೇಕು.” “ಹೌದಪ್ಪ, ನಮಗೆ ಬೆನ್ನುನೋವು ಬಿಟ್ರೆ ಬೇರೆ ನೋವು ಗೊತ್ತಿಲ್ಲ,” ಎಂದು ನಗುತ್ತಾ ಅವನು ಬಚ್ಚಲಿಗೆ ಹೋಗುತ್ತಿದ್ದ.

ಸಾವು ಹೇಗಿರುತ್ತದೆಂದು ತನಗೆ ಗೊತ್ತು ಎಂದೇ ಅವಳು ನಂಬಿದ್ದಳು: ಕಿಟಕಿಯಲ್ಲಿ ಇಳಿಬೆಳಕು, ಅರ್ಧಕ್ಕೆ ನಿಂತ ಮಾತು, ಕೈಯೊಳಗೆ ಸಡಿಲವಾಗುವ ಕೈ. ಅಣ್ಣನ ಸಾವು ಬಂದದ್ದು ಫೋನಿನಲ್ಲಿ. ಲಿಫ್ಟಿನ ಗುಂಡಿಗೆ ಬಿದ್ದುಬಿಟ್ಟ ಎಂದು ಹೇಳಿದವನು ಗಾಬರಿಯಲ್ಲಿ ಮೊದಲು ಬೇರೆ ಯಾರದೋ ಹೆಸರು ಹೇಳಿ, ಆಮೇಲೆ ತಿದ್ದಿಕೊಂಡಿದ್ದ. ಆ ಎರಡು ಹೆಸರುಗಳ ನಡುವೆ ಅವಳ ಜೀವ ಒಂದು ಗಳಿಗೆ ಹಗುರಾಗಿತ್ತು. ಸದ್ಯ, ನಮ್ಮವನಲ್ಲ. ಇಂಥದ್ದನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಯಾರ ಹತ್ತಿರ ಹೇಳಿಕೊಳ್ಳುವುದೆಂದೂ ಗೊತ್ತಿರಲಿಲ್ಲ.

ಅಮ್ಮ ಕಿಟಕಿಯ ಪಕ್ಕ ಕೂತು ಅಣ್ಣನ ಕೆಲಸದ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು. ಜೇಬಿನ ಮೇಲೆ ದಾರದಲ್ಲಿ ಹೊಲಿದಿದ್ದ ಕಂಪನಿಯ ಹೆಸರನ್ನು ಬ್ಲೇಡಿನಿಂದ ಒಂದೊಂದೇ ಎಳೆಯಾಗಿ ಬಿಡಿಸುತ್ತಿದ್ದಳು. ಬಟ್ಟೆ ಇನ್ನೂ ಗಟ್ಟಿಯಿತ್ತು, ಸೋದರಮಾವನಿಗೆ ಆಗುತ್ತದಂತೆ.

“ಅಮ್ಮಾ, ಒಂದು ಕಥೆ ಓದ್ಲಾ?”

“ಓದು. ಕೈಗಾದ್ರೆ ಕೆಲಸ ಇದೆ, ಕಿವಿ ಖಾಲಿನೇ ಇದೆ.”

ಅವಳು ಆರಿಸಿಕೊಂಡದ್ದು ಕ್ಲಾಸಿನ ಅರ್ಧಕ್ಕರ್ಧ ಹುಡುಗಿಯರು ಮೂಗು ಒರೆಸಿಕೊಂಡಿದ್ದ ಕಾದಂಬರಿ. ಬಡವಿಯೊಬ್ಬಳ ಒಬ್ಬನೇ ಮಗ ಜ್ವರದಲ್ಲಿ ಸಾಯುವ ಅಧ್ಯಾಯ. ತಾನು ಗೆರೆ ಎಳೆದಿದ್ದ ವಾಕ್ಯಗಳು ಒಂದೊಂದಾಗಿ ಬಂದವು. ಹಿಂದೆಲ್ಲ ದಿಂಬು ನೆನೆಸಿದ್ದ ಮಾತುಗಳು ಈಗ ಬಾಯಲ್ಲಿ ಸಪ್ಪೆಯಾಗಿ ಹೊರಳುತ್ತಿದ್ದವು. ಅತ್ತೆ ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು. ಒಂದು ಕಡೆ ಅಮ್ಮನ ಕೈ ನಿಂತಿತು.

“ಕೊನೆಗೆ ಅವನು ಏನಾದ್ರೂ ಮಾತಾಡಿದ್ನಾ?”

“ಹೂಂ. ಅಮ್ಮಾ ಅಂದ.”

“ಪುಣ್ಯವಂತೆ,” ಎಂದು ಅಮ್ಮ ಮತ್ತೆ ದಾರ ಎಳೆಯತೊಡಗಿದಳು.

ಹುಡುಗಿ ಹೇಗೋ ಕೊನೆ ಮುಟ್ಟಿದಳು. ತಾಯಿ ಎದ್ದು ದೀಪ ಆರಿಸುವಲ್ಲಿಗೆ ಅಧ್ಯಾಯ ನಿಲ್ಲುತ್ತಿತ್ತು. ತಲೆಯೆತ್ತಿ ನೋಡಿದಳು. ಅಮ್ಮನ ಕಣ್ಣುಗಳು ಹಾಗೇ ಒಣಗಿದ್ದವು.

“ಆಮೇಲೆ?”

“ಅಷ್ಟೇ ಅಮ್ಮ. ಮುಗೀತು.”

“ಮಗನ ಕಥೆ ಮುಗೀತು. ಅವಳದು ಮುಗೀಲಿಲ್ವಲ್ಲ? ಮಾರನೇ ದಿನ ಬೆಳಿಗ್ಗೆ ಎದ್ದು ಏನ್ ಮಾಡಿದ್ಲು ಅವಳು? ಹಲ್ಲುಜ್ಜಿದ್ಲಾ, ಒಲೆ ಹಚ್ಚಿದ್ಲಾ? ಅದನ್ನ ಓದು.”

ಹುಡುಗಿ ಹಾಳೆ ಮಗುಚಿದಳು. ಮುಂದಿನ ಅಧ್ಯಾಯದ ಮೊದಲ ಸಾಲು ಅವಳಿಗೆ ಬಾಯಿಪಾಠ. ಅದೊಂದೇ ಸಾಲಿನ ಮೇಲೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದಳು: ದುಃಖವನ್ನು ಹೇಳದೆ ಬಿಟ್ಟ ಸಂಯಮ, ಮೌನವೇ ಮಾತಾಗುವ ಬಗೆ, ಹೀಗೆ. ಮೇಷ್ಟ್ರು ಅದನ್ನು ಇಡೀ ಕ್ಲಾಸಿಗೆ ಓದಿ ತೋರಿಸಿ, “ಈ ಹುಡುಗಿ ವಯಸ್ಸಿಗೆ ಮೀರಿ ಬೆಳೆದಿದ್ದಾಳೆ” ಎಂದಿದ್ದರು. ಆ ದಿನ ಕಾಲು ನೆಲದ ಮೇಲಿರಲಿಲ್ಲ. ಈಗ ಅದೇ ಸಾಲು ನಾಲಿಗೆಯಿಂದ ಇಳಿಯಲೊಲ್ಲದು.

“ಓದೇ.”

“‘ಮೂರು ವರ್ಷಗಳು ಕಳೆದವು...’”

ಅಮ್ಮ ಬ್ಲೇಡು ಕೆಳಗಿಟ್ಟಳು. ಕೈ ಚಾಚಿ ಪುಸ್ತಕ ತೆಗೆದುಕೊಂಡಳು. ಒಂದು ಅಧ್ಯಾಯ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಪುಸ್ತಕವನ್ನು ಅಗಲವಾಗಿ ಬಿಡಿಸಿ, ಹೊಲಿಗೆಯ ಸಂದಿಯುದ್ದಕ್ಕೂ ಬೆರಳಾಡಿಸಿದಳು, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಅಂಟಿಕೊಂಡದ್ದೇನಾದರೂ ಇದೆಯೋ ಎಂದು ಉಗುರಿನಿಂದ ಕೆರೆದೂ ನೋಡಿದಳು.

“ಮಧ್ಯದ ಹಾಳೆಗಳನ್ನ ಯಾರೋ ಕಿತ್ತುಕೊಂಡಿದ್ದಾರೆ ಕಣೇ,” ಎಂದಳು. “ನನಗೆ ಬೇಕಾಗಿದ್ದು ಅದೇ.”