ಚಕ್ರದ ಮುಂದಿನ ನಿಂಬೆಹಣ್ಣು

ಪೈಲಟ್ ಇಲ್ಲದ ಮೊದಲ ಪ್ರಯಾಣಿಕ ವಿಮಾನ ಹೊರಡುವ ಮುನ್ನ ಕಂಪನಿಯ ಯಜಮಾನರು ಪೂಜೆ ಇಟ್ಟುಕೊಂಡಿದ್ದರು. ಕೆಲಸದಿಂದ ತೆಗೆದುಹಾಕಿದ್ದ ಕ್ಯಾಪ್ಟನ್‌ಗೂ ಆಹ್ವಾನವಿತ್ತು, ಎಲ್ಲರೆದುರು ಹೀಯಾಳಿಸಲೆಂದೇ.

“ಒಂದು ಕಾಲದಲ್ಲಿ ಕಾಕ್‌ಪಿಟ್‌ನಲ್ಲಿ ಐದು ಜನ ಇರ್ತಿದ್ರು. ಆಮೇಲೆ ಮೂರಾಯ್ತು, ಎರಡಾಯ್ತು. ಈಗ ಯಾರೂ ಇಲ್ಲ! ನಿಮ್ಮಂಥೋರನ್ನ ಇಷ್ಟು ವರ್ಷ ಸಾಕಿದ್ದೇ ದಂಡ, ಕ್ಯಾಪ್ಟನ್.”

“ರನ್‌ವೇ ಮೇಲೆ ಏನಾದ್ರೂ ಬಿದ್ದಿದ್ರೆ, ಸಾರ್?”

“ನಿಮ್ಮ ಹಾಗೆ ಕನ್ನಡಕ ಹುಡುಕ್ತಾ ಕೂರಲ್ಲ ಅದು. ಸಣ್ಣ ಕಲ್ಲು ಬಿದ್ದಿದ್ರೂ ನೋಡಿ ತಾನೇ ನಿಂತ್ಕೊಳ್ಳುತ್ತೆ. ನೀವು ಸುಮ್ನೆ ಆ ಕುಂಬಳಕಾಯಿ ಹಿಡ್ಕೊಂಡು ನಿಂತಿರಿ.”

ಕ್ಯಾಪ್ಟನ್ ಹಿಡಿದುಕೊಂಡು ನಿಂತರು.

ಮಂಗಳಾರತಿಯಾಯಿತು. ಪುರೋಹಿತರು ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟು ಈಚೆ ಬಂದರು. ಯಜಮಾನರು ಗತ್ತಿನಿಂದ ಗುಂಡಿ ಒತ್ತಿದರು. ದೀಪಗಳೆಲ್ಲ ಹೊತ್ತಿಕೊಂಡವು, ವಿಮಾನ ಮಾತ್ರ ಕದಲಲಿಲ್ಲ.

ಯಜಮಾನರ ಮುಖ ಕೆಂಪಾಯಿತು. “ಯಾರಾದ್ರೂ ಆ ನಿಂಬೆಹಣ್ಣು ತೆಗೀರಯ್ಯ!”

“ಅಯ್ಯೋ, ಮುಟ್ಬೇಡಿ!” ಪುರೋಹಿತರು ಕೈ ಅಡ್ಡ ಹಿಡಿದರು. “ಪೂಜೆ ಮಾಡಿ ಇಟ್ಟಿದ್ದು. ಅದರ ಮೇಲೆ ಚಕ್ರ ಹತ್ತಲೇಬೇಕು, ಇಲ್ದಿದ್ರೆ ಅಪಶಕುನ.”

ಅಷ್ಟರಲ್ಲಿ ವಿಮಾನದೊಳಗಿಂದ ಇಂಪಾದ ಹೆಣ್ಣುದನಿ ಕೇಳಿಸಿತು: “ಚಕ್ರದ ಮುಂದೆ ಅಡಚಣೆ ಇದೆ. ದಯವಿಟ್ಟು ಪೈಲಟ್ ಅವರನ್ನು ಕರೆಯಿರಿ.”