ಅವ್ವ ಇಂಜಿನ್ ಬಿಚ್ಚಿಸಿದ ಮಧ್ಯಾಹ್ನ

ಪೆಟ್ರೋಲ್ ಬೆರೆತ ಆಯಿಲ್ ವಾಸನೆ ಮೂಗಿಗೆ ಬಡಿದರೆ ಹಳೇಬೀಡಿನ ಕೆರೆ ದಂಡೆಯ ಆ ಮಧ್ಯಾಹ್ನದ ಸಿಟ್ಟು ಇವತ್ತಿಗೂ ನನ್ನ ನೆತ್ತಿಗೇರುತ್ತದೆ.

ಏರಿ ರಿಪೇರಿಗೆಂದು ಆ ಚಳಿಗಾಲವಿಡೀ ಕೆರೆಯಲ್ಲಿ ದೋಣಿ ಬಿಡಬಾರದೆಂದು ಪಂಚಾಯ್ತಿಯವರು ಹೇಳಿದ್ದರು. ನಮ್ಮ ಪುಟ್ಟ ಮೋಟಾರು ದೋಣಿಯನ್ನು ದಡಕ್ಕೆಳೆದು ತೆಂಗಿನ ದಿಮ್ಮಿಗಳ ಮೇಲೆ ಕೂರಿಸಿದ್ದೆವು. ಅಪ್ಪನೂ ದೊಡ್ಡಪ್ಪನೂ ಸೇರಿ ಕೊಂಡಿದ್ದ ದೋಣಿ ಅದು. ಓಡಿಸುತ್ತಿದ್ದವಳು ಮಾತ್ರ ಅವ್ವ. ಅವಳು ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗೆ ಬಸಿದು, ದೋಣಿಯ ತಳಕ್ಕೆ ಅಂಟಿದ್ದ ಲೋಳೆ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಅಪ್ಪ ಟಾರ್ಪಾಲಿಗೆ ಹಗ್ಗ ಪೋಣಿಸುತ್ತಿದ್ದರು.

ಆಗ ದೊಡ್ಡಪ್ಪ ಬಂದರು. “ಏರಿ ಕೆಲ್ಸ ಮುಗುದ್ಮೇಲೆ ನನ್ ಮಗ ಓಡುಸ್ತಾನೆ ಕಣಮ್ಮ. ಹೆಂಗಸ್ರು ಓಡ್ಸಿದ್ದು ಸಾಕು, ನೋಡ್ದೋರು ಆಡ್ಕೊಂತಾರೆ,” ಎಂದರು.

ಅವ್ವ ಅಪ್ಪನತ್ತ ತಿರುಗಿದಳು. “ನೀವೇನೂ ಅನ್ನಲ್ವಾ?”

“ಅಣ್ಣ ಹೇಳ್ತಾವ್ನಲ್ಲ...” ಎಂದು ಅಪ್ಪ ಹಗ್ಗವನ್ನೇ ನೋಡಿದರು. ಆ ಹಗ್ಗವನ್ನು ಕಿತ್ತು ಬಿಸಾಡಬೇಕೆನಿಸಿತು ನನಗೆ.

ದೊಡ್ಡಪ್ಪ ನನ್ನ ಕಡೆ ನೋಡಿ, “ಹೋಗವ್ವ, ಟೀ ತಕಂಬಾ,” ಎಂದರು.

“ಅವಳು ಎಲ್ಲಿಗೂ ಹೋಗಲ್ಲ,” ಎಂದ ಅವ್ವ ಎಣ್ಣೆ ಜಿಡ್ಡಿನ ಸ್ಪ್ಯಾನರನ್ನು ನನ್ನ ಕೈಗಿತ್ತಳು. “ಇಂಜಿನ್ ಬಿಚ್ಚೇ.”

ಇಂಜಿನ್ನನ್ನು ದೋಣಿಯ ಹಿಂಬದಿಗೆ ಬಿಗಿದಿದ್ದ ಬೋಲ್ಟು ತುಕ್ಕು ಹಿಡಿದಿತ್ತು. ಹಲ್ಲು ಕಚ್ಚಿ ಜಗ್ಗಿದೆ. ಅಂಗೈ ಸುಲಿಯಿತು, ಬೋಲ್ಟೂ ಸಡಿಲವಾಯಿತು. ಅವ್ವ ಇಂಜಿನ್ನಿನ ಒಂದು ತುದಿ ಎತ್ತಿದಳು. ಅಪ್ಪ ಹಗ್ಗ ಬಿಟ್ಟು ಬಂದು ಇನ್ನೊಂದು ತುದಿ ಹಿಡಿದರು.

“ಎಲ್ಲಿಗ್ಲಾ ಅದು?” ದೊಡ್ಡಪ್ಪ ತಮ್ಮನ ಮೇಲೆ ಕೂಗಿದರು.

“ನಮ್ಮನೆಗೆ, ಭಾವ,” ಎಂದಳು ಅವ್ವ. “ದೋಣಿ ಇಲ್ಲೇ ಐತೆ. ನಿಮ್ ಮಗ ಹುಟ್ಟು ಹಾಕ್ಲಿ.”