ಬೊಹುಶ್ ಹಿಡಿದ ಟ್ರೌಟ್

ಹೋಟೆಲಿನ ಹಿಂಬಾಗಿಲ ಬಳಿ ಕುಕ್ಕುರುಗಾಲಿನಲ್ಲಿ ಕೂತು ಬೊಹುಶ್ ಎರಡು ಟ್ರೌಟ್ ಮೀನುಗಳನ್ನು ಒದ್ದೆ ಹುಲ್ಲಿನಲ್ಲಿ ಸುತ್ತುತ್ತಿದ್ದ. ಒಟಾವಾ ನದಿಯಿಂದ ಈಗಷ್ಟೇ ಎತ್ತಿ ತಂದ ಹಾಗೆ ಕಾಣಬೇಕಲ್ಲ.

"ಇಷ್ಟು ಒಳ್ಳೆ ಮೀನು ಯಾರಯ್ಯಾ ನಿನಗೆ ತಂದುಕೊಡೋದು?" ಎಂದು ಹೋಟೆಲಿನ ರಾದಿಮ್‌ನನ್ನು ಕೇಳಿದ.

"ನಿನಗೆ ಬೇಕಾದ್ದು ಮೀನೋ, ಅದರ ಜಾತಕವೋ?" ರಾದಿಮ್ ನಕ್ಕ. ಬೊಹುಶ್‌ನನ್ನು ಕಂಡರೆ ಅವನಿಗೆ ಯಾವಾಗಲೂ ನಗು ಸ್ವಲ್ಪ ಜಾಸ್ತಿ. ದುಡ್ಡು ಕೊಡಹೋದರೆ, "ಇರಲಿ, ಆಮೇಲೆ ನೋಡೋಣ" ಎನ್ನುತ್ತಿದ್ದ.

ರೈಲ್ವೆಯಿಂದ ನಿವೃತ್ತನಾದ ದಿನ ಬೊಹುಶ್ ಹೆಂಡತಿ ಲಿಬುಶೆಯ ಮುಂದೆ ಎದೆ ತಟ್ಟಿಕೊಂಡಿದ್ದ. "ಇನ್ಮೇಲೆ ಶನಿವಾರದ ಮೀನು ನನ್ನ ಜವಾಬ್ದಾರಿ!" ಗಾಳದ ಕೊಕ್ಕೆಗೆ ಮೊಲದ ತುಪ್ಪಳ ಸುತ್ತಿ, ಮೇಲೆ ತಾಮ್ರದ ತಂತಿ ಬಿಗಿದರೆ ನಿಂಫ್ ಸಿದ್ಧ, ನೀರಿನ ತಳದ ಹುಳುವಿನ ನಕಲು. ಮಕ್ಕಳೂ ಕಟ್ಟಬಹುದು. ಬೊಹುಶ್ ಕಟ್ಟಿದ್ದು ಮಾತ್ರ ಮಳೆಯಲ್ಲಿ ನೆಂದ ಇಲಿಯಂತಿರುತ್ತಿತ್ತು. ಅದು ಬಂಡೆ ಹಿಡಿಯಿತು, ಕೊಂಬೆ ಹಿಡಿಯಿತು, ಒಮ್ಮೆ ಅವನ ಕಿವಿಯನ್ನೇ ಹಿಡಿಯಿತು. ಮೀನೊಂದನ್ನು ಬಿಟ್ಟು.

ಹಾಗಾಗಿ ರಾದಿಮ್‌ನ ಹಿಂಬಾಗಿಲು.

ಸಂಜೆ ಶಾಜೀರಿಗೆ ಉದುರಿಸಿ ಬೆಣ್ಣೆಯಲ್ಲಿ ಹುರಿದ ಮೀನಿನ ಮುಂದೆ ಅವನ ಪರಾಕ್ರಮ ಶುರುವಾಗುತ್ತಿತ್ತು. "ಅರ್ಧ ಗಂಟೆ ಕಾದಾಡ್ತು ಕಣೇ!"

ಶನಿವಾರ ಹಗಲೆಲ್ಲ ನದಿಯ ಮೇಲ್ದಂಡೆಯ ತಂಗಿಯ ಮನೆಯಲ್ಲಿದ್ದು ದಣಿದು ಬಂದಿರುತ್ತಿದ್ದ ಲಿಬುಶೆ, ಸೂಜಿ ಚುಚ್ಚಿತೆಂದು ಬೆರಳಿಗೆ ಸುತ್ತಿಕೊಂಡ ಪಟ್ಟಿ ಸರಿಮಾಡಿಕೊಳ್ಳುತ್ತ ಕಣ್ಣರಳಿಸುತ್ತಿದ್ದಳು. "ಹೌದೇನ್ರೀ? ನೋಡಿದ್ರೆ ಅಂಥಾ ಜಗಳಗಂಟ ಮೀನು ಅನ್ಸಲ್ಲಪ್ಪ."

ಬೊಹುಶ್ ಮುಳ್ಳು ಆರಿಸುವ ನೆಪದಲ್ಲಿ ತಟ್ಟೆಯ ಮೇಲೆ ಬಗ್ಗುತ್ತಿದ್ದ. ಇಷ್ಟು ನಂಬುವ ಹೆಂಗಸು! ತಾನೆಂಥ ಕತ್ತೆ!

ಮುಂದಿನ ಶನಿವಾರ ಅವನು ನಿರ್ಧಾರ ಮಾಡಿಯೇ ನದಿಗಿಳಿದ. ಇವತ್ತು ರಾದಿಮ್‌ನ ಬಾಗಿಲಿಗೆ ಹೋಗುವುದಿಲ್ಲ. ಬರಿಗೈಯಲ್ಲಿ ಮನೆಗೆ ಹೋಗಿ ಎಲ್ಲ ಒಪ್ಪಿಕೊಳ್ಳುವುದು. "ಲಿಬುಶೆ, ನಾನೊಬ್ಬ ಸುಳ್ಳುಗಾರ" ಎಂದು ನೀರಿಗೆ ಹೇಳಿ ಅಭ್ಯಾಸ ಮಾಡುತ್ತಿದ್ದಾಗ ದಾರ ಗಕ್ಕನೆ ನಿಂತಿತು. ಮತ್ತೆ ಬಂಡೆ, ಎಂದು ಶಪಿಸಿ ಎಳೆದ.

ಬಂಡೆ ಓಡಿತು.

ಟೋಪಿ ತೇಲಿಹೋಯಿತು. ಬೊಹುಶ್ ಮಂಡಿಯೂರಿ, ಜಾರಿ, ನೀರು ಕುಡಿದು, ಕೊನೆಗೆ ಮೊಳದುದ್ದದ ಟ್ರೌಟನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಎದ್ದ. ಅರ್ಧ ಗಂಟೆಯೇನು, ಅರ್ಧ ನಿಮಿಷವೂ ಆಗಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಹೋಟೆಲಿನ ಬಾಗಿಲಿಂದ ರಾದಿಮ್ ಕೂಗಿದರೂ ನಿಲ್ಲದೆ ಮನೆಗೆ ಓಡಿದ.

ಲಿಬುಶೆ ಆಗಷ್ಟೇ ತಂಗಿಯ ಮನೆಯಿಂದ ಬಂದು ಒದ್ದೆ ಕಾಲುಚೀಲ ಕಳಚುತ್ತಿದ್ದಳು.

"ನೋಡೇ! ನಾನೇ ಹಿಡಿದದ್ದು! ದೇವರಾಣೆ, ನಾನೇ!"

ಅವಳು ಮೀನನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಬಾಯಿ ಬಿಡಿಸಿ ನೋಡಿದಳು. ಮುಖ ಗಂಭೀರವಾಯಿತು.

"ನಿಜ ಹೇಳ್ರೀ, ಇದೆಲ್ಲಿ ಸಿಕ್ತು? ನಿಮಗೇಂತ ನಾನು ಹಿಡಿದು ರಾದಿಮ್ ಹತ್ರ ಕೊಟ್ಟುಬಂದ ಎರಡರಲ್ಲಿ ಇದು ಇರ್ಲಿಲ್ಲವಲ್ಲ!"